ಋಣದ ಅನ್ನ ಸಾಕು, ಹಕ್ಕಿನ ಅನ್ನ ಬೇಕು

ನಮ್ಮಲ್ಲಿ ಕೆಲವರು ಚಿಕ್ಕಂದಿನಲ್ಲಿ ಒಂದು ಮಿಷನ್ ಹಾಸ್ಟೆಲಿನ ಅನ್ನ ಉಂಡು ಬೆಳೆದವರು. ಅದರ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ಜಗಳ ಆ ಒಂದು ಕಟ್ಟಡಕ್ಕೆ ಅಂಟಿಕೊಳ್ಳುತ್ತೆ. ನಾವು ಹೇಳಬೇಕಾದ್ದು ಅದಕ್ಕಿಂತ ದೊಡ್ಡದು. ಭದ್ರಾವತಿಯ ಕಾರ್ಖಾನೆ ಸುತ್ತಿನ ಕೇರಿಗಳಿಂದ, ಶಿವಮೊಗ್ಗದ ತುಂಗೆ ದಂಡೆಯ ಗುಡಿಸಲುಗಳಿಂದ ನಮ್ಮನ್ನು ಅಲ್ಲಿಗೆ ಸೇರಿಸಿದ್ದರು. ಹೊತ್ತು ಹೊತ್ತಿಗೆ ಅನ್ನ, ಸಂಜೆ ಪ್ರಾರ್ಥನೆ, ಎಲ್ಲರಿಗೂ ಒಂದೇ ಬಣ್ಣದ ಚಡ್ಡಿ.

ವರ್ಷಕ್ಕೆ ಎರಡು ಮೂರು ಸಲ ಕಾಗದ ಬರೆಯೋ ದಿನ ಬರುತ್ತಿತ್ತು. ಊಟದ ಹಾಲಿನ ಬೋರ್ಡಿನ ಮೇಲೆ ವಾರ್ಡನ್ ಮಾದರಿ ಬರೆಯೋರು. ಪ್ರೀತಿಯ ಸ್ಪಾನ್ಸರ್, ನಾನು ಚೆನ್ನಾಗಿದ್ದೇನೆ, ನಿಮಗಾಗಿ ದಿನಾ ಪ್ರಾರ್ಥಿಸುತ್ತೇನೆ, ನೀವು ಕಳಿಸಿದ ಹಣದಿಂದ ಹೊಸ ಬಟ್ಟೆ ಬಂತು, ವಂದನೆಗಳು. ಕೆಳಗೆ ಒಂದು ಹೂವೋ ಚಿಟ್ಟೆಯೋ ಬಿಡಿಸಬೇಕು. ಒಂದು ವರ್ಷ ಅದೇ ವಾರ ಒಬ್ಬ ಹುಡುಗನ ಅಪ್ಪ ತೀರಿಕೊಂಡಿದ್ದ. ಕಾರ್ಖಾನೆಯ ಗುತ್ತಿಗೆ ಕೂಲಿ. ಮಣ್ಣು ಮಾಡಿ ಬಂದ ಹುಡುಗ ಬೋರ್ಡು ನೋಡದೆ, ತನಗೆ ತೋಚಿದ ಹಾಗೆ ಬರೆದ: ನಮ್ಮಪ್ಪ ಸತ್ತ, ಅವ್ವ ಒಬ್ಬಳೇ ಇದ್ದಾಳೆ, ನನಗೆ ಇಲ್ಲಿ ಇರೋಕೆ ಆಗ್ತಿಲ್ಲ.

ವಾರ್ಡನ್ ಓದಿದರು. ಹರಿದರು. "ಇದೇನೋ ಬರ್ದಿದ್ದೀಯ? ಅಳೋ ಕಾಗದ ಅಲ್ಲಿಗೆ ಹೋಗಂಗಿಲ್ಲ. ಪಾಪ, ಅವ್ರಿಗೆ ಬೇಜಾರಾಗಲ್ವಾ? ಚೆನ್ನಾಗಿದೀನಿ ಅಂತ ಬರಿ."

ಹುಡುಗ ಬರೆದ. ನಾನು ಚೆನ್ನಾಗಿದ್ದೇನೆ. ಕೆಳಗೆ ಚಿಟ್ಟೆ ಬಿಡಿಸಿದ.

ವಾರ್ಡನ್ ಕೆಟ್ಟವರಲ್ಲ, ಗೆಳೆಯರೆ. ಜ್ವರ ಬಂದಾಗ ಹಣೆ ಮುಟ್ಟಿ ನೋಡಿದವರು. ಅವರೂ ನಮ್ಮ ಕೇರಿಯಿಂದಲೇ ಬಂದವರು, ಅದೇ ದುಡ್ಡಿನಲ್ಲಿ ಓದಿದವರು. ಅಲ್ಲಿ ದೂರದಲ್ಲಿ ಕಾಗದ ಓದೋರೂ ಕೆಟ್ಟವರಲ್ಲ. ಅವರಲ್ಲಿ ಪಿಂಚಣಿ ಮೇಲೆ ಬದುಕುವ ಮುದುಕಿಯರಿದ್ದರು, ಬಸ್ ಡ್ರೈವರುಗಳಿದ್ದರು, ಮೇಷ್ಟರುಗಳಿದ್ದರು. ಕೆಟ್ಟವರು ಯಾರೂ ಇಲ್ಲದೆ, ಅಪ್ಪ ಸತ್ತ ಮಗುವಿನ ಕೈಲಿ ಚೆನ್ನಾಗಿದ್ದೇನೆ ಅಂತ ಬರೆಸುತ್ತಲ್ಲ, ಆ ಪದ್ಧತಿ ಎಂಥದು? ನಮ್ಮ ಪ್ರಶ್ನೆ ಇದು. ಆ ಹುಡುಗ ಇವತ್ತು ನಮ್ಮಲ್ಲೊಬ್ಬ. ಇದನ್ನು ಬರೆಯುತ್ತಿರುವ ಕೈಗಳಲ್ಲಿ ಅವನ ಕೈಯೂ ಇದೆ.

ಒಂದು ಮುಖ, ಒಂದು ಬೆಲೆ

ಈ ವ್ಯವಹಾರ ಎಲ್ಲಿಂದ ಬಂತು ಅಂತ ಮೊದಲು ತಿಳಿದುಕೊಳ್ಳೋಣ. ದೂರದೇಶದ ಕಾಸು ನಮ್ಮ ನಾಡಿನ ಶಾಲೆಗೆ ಬಂದಿದ್ದು ಇವತ್ತು ನಿನ್ನೆಯಲ್ಲ. 1850ರ ದಶಕದಲ್ಲೇ ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡ್, ಜರ್ಮನಿಯ ಸಾಮಾನ್ಯ ಮನೆಗಳಿಂದ ಅರ್ಧ ಬಾಟ್ಸನ್ ಅನ್ನೋ ಚಿಕ್ಕ ನಾಣ್ಯವನ್ನು ವಾರವಾರ ಎತ್ತುತ್ತಿತ್ತು. 1876-78ರ ಬರಗಾಲದಲ್ಲಿ ಮೈಸೂರು ಸೀಮೆಯ ಜನ ಲಕ್ಷಗಟ್ಟಲೆ ಸತ್ತಾಗ, ತಬ್ಬಲಿಯಾದ ಮಕ್ಕಳಿಗೆ ವೆಸ್ಲಿಯನ್ ಮಿಷನ್ ತುಮಕೂರು, ಹಾಸನಗಳಲ್ಲಿ ಅನಾಥಾಲಯ ನಡೆಸಿತು. ಆಗಿನ ಕಾಸು ಮಿಷನ್ನಿಗೆ ಬರುತ್ತಿತ್ತು, ಶಾಲೆಗೆ ಬರುತ್ತಿತ್ತು.

ಒಂದು ಮಗು, ಅದರ ಒಂದು ಫೋಟೋ, ಅದಕ್ಕೊಬ್ಬ ದಾನಿ ಅನ್ನೋ ಈಗಿನ ಪದ್ಧತಿ ಬೆಳೆದದ್ದು ಯುದ್ಧಗಳ ಬೆನ್ನಿಗೆ. 1937ರಲ್ಲಿ ಸ್ಪೇನಿನ ಮಕ್ಕಳಿಗಾಗಿ, 1938ರಲ್ಲಿ ಚೀನಾದ ಮಕ್ಕಳಿಗಾಗಿ ಸಂಸ್ಥೆಗಳು ಹುಟ್ಟಿದವು. ಕೊರಿಯಾ ಯುದ್ಧದ ಕಾಲದಲ್ಲಿ, 1950ರಲ್ಲಿ ವರ್ಲ್ಡ್ ವಿಷನ್, 1952ರಲ್ಲಿ ಕಂಪ್ಯಾಶನ್ ಅಮೆರಿಕದಲ್ಲಿ ಶುರುವಾದವು. 1959ರಲ್ಲಿ ಜರ್ಮನಿಯ ಡ್ಯೂಸ್‌ಬರ್ಗ್ ಊರಿನಲ್ಲಿ ಕಿಂಡರ್‌ನೋಟ್‌ಹಿಲ್ಫೆ ಶುರುವಾಗಿದ್ದೇ ಭಾರತದ ಮಕ್ಕಳ ಹೆಸರಿನಲ್ಲಿ.

ಯಾಕೆ ಫೋಟೋ? ಊರಿಗೆ ಶಾಲೆ ಬೇಕು, ಕೂಲಿ ಹೆಚ್ಚಬೇಕು, ಕೇರಿಗೆ ನೀರು ಬರಬೇಕು ಅಂದರೆ ಯಾರ ಜೇಬೂ ಬಿಚ್ಚಲ್ಲ. ಒಂದು ಮಗುವಿನ ಮುಖ ತೋರಿಸಿ, ಹೆಸರು ಹೇಳಿ, ಇದು ನಿಮ್ಮ ಮಗು ಅಂದರೆ ಬಿಚ್ಚುತ್ತೆ. ಆ ಮುಖ ಸ್ವಲ್ಪ ಬಾಡಿರಬೇಕು, ಆದರೆ ತುಂಬಾ ಬಾಡಿರಬಾರದು. ಕಣ್ಣು ದೊಡ್ಡದಿರಬೇಕು. ನಮ್ಮ ಹಾಸ್ಟೆಲಿನಲ್ಲಿ ಫೋಟೋ ದಿನ ಎಣ್ಣೆ ಹಚ್ಚಿ ತಲೆ ಬಾಚಬೇಡಿ ಅನ್ನುತ್ತಿದ್ದರು. ವರ್ಷವೆಲ್ಲ ಬಾಚಿಕೊಳ್ಳಿ ಅಂತ ಬೈಯೋರು ಅವತ್ತೊಂದು ದಿನ ಬೇಡ ಅಂದದ್ದು ಯಾಕೆ ಅಂತ ನಮಗೆ ತಿಳಿಯೋಕೆ ಹತ್ತು ವರ್ಷ ಬೇಕಾಯಿತು!

ಈ ಮಾತನ್ನು ನಾವೇ ಮೊದಲು ಆಡುತ್ತಿಲ್ಲ. 1982ರಲ್ಲೇ ಇಂಗ್ಲೆಂಡಿನ 'ನ್ಯೂ ಇಂಟರ್‌ನ್ಯಾಷನಲಿಸ್ಟ್' ಪತ್ರಿಕೆ ದಯವಿಟ್ಟು ಈ ಮಗುವನ್ನು ಸ್ಪಾನ್ಸರ್ ಮಾಡಬೇಡಿ ಅಂತ ಒಂದು ಸಂಚಿಕೆಯನ್ನೇ ತಂದಿತ್ತು. 1998ರಲ್ಲಿ ಅಮೆರಿಕದ 'ಚಿಕಾಗೊ ಟ್ರಿಬ್ಯೂನ್' ಪತ್ರಿಕೆಯವರು ತಾವೇ ಬೇರೆ ಬೇರೆ ದೇಶಗಳ ಮಕ್ಕಳಿಗೆ ಸ್ಪಾನ್ಸರುಗಳಾಗಿ, ಆಮೇಲೆ ಆ ಮಕ್ಕಳನ್ನು ಹುಡುಕಿಕೊಂಡು ಹೋದರು. ಆಫ್ರಿಕಾದ ಮಾಲಿ ದೇಶದಲ್ಲಿ ಒಬ್ಬ ಹುಡುಗಿ ಸಿಡಿಲು ಬಡಿದು ಸತ್ತುಹೋಗಿದ್ದಳು. ಅವಳ ಹೆಸರಿನಲ್ಲಿ ಹಣ ಮಾತ್ರ ಹೋಗುತ್ತಲೇ ಇತ್ತು. ಸತ್ತ ಮಗುವೂ ಕಡತದಲ್ಲಿ ಚೆನ್ನಾಗಿಯೇ ಇತ್ತು!

ಬಣ್ಣ ಬಳಿಯಲು ಬಂದವರು

ಇನ್ನೊಂದು ತಮಾಷೆ ಇದೆ. ಅಮೆರಿಕದ ಚರ್ಚುಗಳ ಹುಡುಗ ಹುಡುಗಿಯರು ಬೇಸಿಗೆ ರಜೆಯಲ್ಲಿ ಹತ್ತು ಹದಿನೈದು ದಿನ ಬಡ ದೇಶಗಳಿಗೆ ಸೇವೆಗೆ ಹೊರಡುತ್ತಾರೆ. ವರ್ಷಕ್ಕೆ ಸುಮಾರು 16 ಲಕ್ಷ ಮಂದಿ ಹೀಗೆ ಹೋಗುತ್ತಾರೆಂದು ಅಲ್ಲಿಯ ಸಮಾಜಶಾಸ್ತ್ರಜ್ಞರು ಅಂದಾಜು ಮಾಡಿದ್ದುಂಟು. ಅವರ ಬೇಸಿಗೆ ಅಂದರೆ ನಮ್ಮ ಜೂನ್ ಜುಲೈ. ಮಲೆನಾಡಿನ ಸೆರಗಿನಲ್ಲಿ ಮಳೆ ಹಿಡಿಯೋ ಹೊತ್ತು.

ಅಂಥ ಒಂದು ತಂಡ ನಾವಿದ್ದಲ್ಲಿಗೂ ಬಂದಿತ್ತು. ಬಲೂನು ಹಂಚಿದರು. ಕೈ ಕಾಲು ಆಡಿಸಿ ಹಾಡು ಕಲಿಸಿದರು. ಹಲ್ಲುಜ್ಜೋ ಬ್ರಷ್ ಕೊಟ್ಟು, ಹಲ್ಲುಜ್ಜೋದು ಹೇಗೆ ಅಂತ ತೋರಿಸಿದರು. ನಾವು ಬೇವಿನ ಕಡ್ಡಿಯಲ್ಲಿ ಉಜ್ಜಿ ಬಂದಿದ್ದೆವು, ಆದರೂ ನೋಡಿದೆವು. ಆಮೇಲೆ ಕಟ್ಟಡದ ಹೊರಗೋಡೆಗೆ ಬಣ್ಣ ಬಳಿಯಲು ನಿಂತರು. ಜನ್ಮದಲ್ಲಿ ಬ್ರಷ್ ಹಿಡಿದವರಲ್ಲ. ಗೇಟಿನ ಹೊರಗೆ ನಮ್ಮ ಕೇರಿಯ ಪೇಂಟರ್ ಒಬ್ಬ, ನಮ್ಮಲ್ಲೊಬ್ಬನ ಚಿಕ್ಕಪ್ಪ, ಮಳೆಗಾಲದ ಕೆಲಸವಿಲ್ಲದೆ ಬೀಡಿ ಸೇದುತ್ತಾ ನಿಂತಿದ್ದ. "ಮಳೇಲಿ ಯಾರಾದ್ರೂ ಹೊರಗೋಡೆಗೆ ಬಣ್ಣ ಹೊಡಿತಾರೇನ್ರಪ್ಪಾ" ಅಂತ ನಕ್ಕ. ಮೂರು ದಿನದ ಮಳೆಗೆ ಬಣ್ಣ ಇಳಿದು ಚರಂಡಿ ಸೇರಿತು. ಅವರು ಆ ಹೊತ್ತಿಗೆ ಅಪ್ಪಿಕೊಂಡು, ಅತ್ತು, ಫೋಟೋ ತೆಗೆಸಿಕೊಂಡು ಹೋಗಿ ಆಗಿತ್ತು. ದೀಪಾವಳಿ ಕಳೆದ ಮೇಲೆ ಅದೇ ಚಿಕ್ಕಪ್ಪನನ್ನು ಕರೆದು ಕೂಲಿ ಕೊಟ್ಟು ಬಣ್ಣ ಹೊಡೆಸಿದರು.

ಇದು ನಗೋ ಮಾತಷ್ಟೇ ಅಲ್ಲ. ಲೆಕ್ಕವೂ ಇದೆ. ಮಧ್ಯ ಅಮೆರಿಕದ ಹೊಂಡುರಾಸ್ ದೇಶದಲ್ಲಿ 1998ರ ಚಂಡಮಾರುತದಿಂದ ಮನೆ ಬಿದ್ದವರಿಗೆ ಮನೆ ಕಟ್ಟಿಕೊಡಲು ಉತ್ತರ ಅಮೆರಿಕದ ಚರ್ಚು ತಂಡಗಳು ಹೋದವು. ಕರ್ಟ್ ವೆರ್ ಬೀಕ್ ಅನ್ನೋ ಸಮಾಜಶಾಸ್ತ್ರಜ್ಞ, ಅವರೂ ಕ್ರೈಸ್ತರೇ, 2006ರಲ್ಲಿ ಅದರ ಲೆಕ್ಕ ಪ್ರಕಟಿಸಿದರು. ಊರಿನ ಕೆಲಸಗಾರರು ಕಟ್ಟಿದರೆ ಒಂದು ಮನೆಗೆ ಸುಮಾರು 2 ಸಾವಿರ ಡಾಲರ್. ತಂಡ ಬಂದು ಕಟ್ಟಿದರೆ ವಿಮಾನದ ಖರ್ಚೂ ಸೇರಿ ಸುಮಾರು 30 ಸಾವಿರ ಡಾಲರ್. ಒಂದು ಮನೆಯ ದುಡ್ಡಿನಲ್ಲಿ ಹದಿನೈದು ಮನೆ ಏಳುತ್ತಿತ್ತು, ಊರಿನ ಗಾರೆಯವರಿಗೆ ಕೂಲಿಯೂ ಸಿಗುತ್ತಿತ್ತು. ಹಾಗಾದರೆ ಬಂದವರು ಕಟ್ಟಿದ್ದು ಯಾರ ಮನೆ? ತಮ್ಮ ಮನಸ್ಸಿನ ಸಮಾಧಾನದ ಮನೆ. ಅದಕ್ಕೆ ಇಟ್ಟಿಗೆಯಾದದ್ದು ಬಡವರ ಮಕ್ಕಳ ಮುಖ.

ಚಡ್ಡಿ ಹಾಕಿಕೊಂಡು ಚಪ್ಪಾಳೆ ತಟ್ಟುವವರಿಗೆ

ಇಷ್ಟು ಓದಿ ಕೆಲವರು ಚಪ್ಪಾಳೆ ತಟ್ಟುತ್ತಾರೆಂದು ಗೊತ್ತು. ಮತಾಂತರ, ವಿದೇಶಿ ಹಣ, ಮಿಷನರಿ ಪಿತೂರಿ ಅಂತ ಗಂಟಲು ಹರಿದುಕೊಳ್ಳುವವರು ಈ ಹಾಳೆಯನ್ನು ಜೇಬಿಗೆ ಹಾಕಿಕೊಂಡಾರು. ಸ್ವಾಮಿ, ಕೆಳಗಿಡಿ. ಇದು ನಿಮ್ಮ ಪರವಾಗಿ ಬರೆದದ್ದಲ್ಲ.

ನಮ್ಮನ್ನು ಬಾವಿಗೆ ಬಿಡದವರು ಯಾರು? ಶಾಲೆಯ ಜಗಲಿ ಹತ್ತಿಸದವರು ಯಾರು? ಜ್ಯೋತಿಬಾ ಫುಲೆ ಓದಿದ್ದು ಪುಣೆಯ ಸ್ಕಾಟಿಷ್ ಮಿಷನ್ ಶಾಲೆಯಲ್ಲಿ. ನಿಮ್ಮ ಮಠ ಆಗ ಎಲ್ಲಿತ್ತು? ಇದೇ ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯಲ್ಲಿ ನಮ್ಮ ಅಕ್ಕತಂಗಿಯರನ್ನು ಬೆತ್ತಲೆ ಮಾಡಿ ಬೇವಿನ ಸೊಪ್ಪು ಕೊಟ್ಟು ಗುಡ್ಡ ಹತ್ತಿಸುತ್ತಿದ್ದಿರಲ್ಲ, ಆಗ ಧರ್ಮ ಕೆಡಲಿಲ್ಲವೆ? ಅದನ್ನು ನಿಲ್ಲಿಸಲು 1986ರಲ್ಲಿ ಹೋಗಿ ಏಟು ತಿಂದವರು ದಲಿತ ಸಂಘರ್ಷ ಸಮಿತಿಯವರು. ಆಗ ಬಾರದ ಧರ್ಮರಕ್ಷಕರು 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಚರ್ಚುಗಳಿಗೆ ಕಲ್ಲು ಹಿಡಿದು ಬಂದರು. 2022ರಲ್ಲಿ ಮತಾಂತರ ನಿಷೇಧದ ಕಾಯ್ದೆ ತಂದರು. ಅದರಲ್ಲಿ ಹೆಂಗಸರು, ಮಕ್ಕಳು, ಬುದ್ಧಿ ಸ್ವಾಧೀನವಿಲ್ಲದವರ ಸಾಲಿನಲ್ಲೇ ನಮ್ಮನ್ನೂ ಕೂರಿಸಿದರು. ದಲಿತರನ್ನು ಮತಾಂತರಿಸಿದರೆ ಹೆಚ್ಚು ಶಿಕ್ಷೆಯಂತೆ! ಅಂದರೆ ನಮಗೆ ಸ್ವಂತ ಬುದ್ಧಿ ಇಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರ ಹಿಂದೆ ಲಕ್ಷ ಲಕ್ಷ ಜನ ನಡೆದದ್ದೂ ಬುದ್ಧಿ ಇಲ್ಲದೆಯೇ?

ಯಾರು ಯಾವ ದೇವರನ್ನು ನಂಬಬೇಕು, ಅಥವಾ ಯಾವ ದೇವರನ್ನೂ ನಂಬಬಾರದು ಅನ್ನೋದು ಅವರವರ ಇಷ್ಟ. ನಮ್ಮ ಜಗಳ ಯೇಸುವಿನ ಮೇಲಲ್ಲ. ನಮ್ಮನ್ನು ಕೈಚಾಚಿ ನಿಲ್ಲಿಸುವ ಪದ್ಧತಿಯ ಮೇಲೆ. ಆ ಪದ್ಧತಿ ಚರ್ಚಿನಲ್ಲಷ್ಟೇ ಇಲ್ಲ. ಮಠದ ಉಚಿತ ಹಾಸ್ಟೆಲಿನಲ್ಲಿ ಸಾಲಾಗಿ ಕಾಲಿಗೆ ಬೀಳಿಸುವಾಗ ಇದೆ. ಎಮ್ಮೆಲ್ಲೆ ಹುಟ್ಟುಹಬ್ಬಕ್ಕೆ ಅವರ ಮುಖ ಅಚ್ಚಾದ ನೋಟ್‌ಬುಕ್ ಹಂಚಿ, ನಮ್ಮ ತಂಗಿಯರನ್ನು ಬಿಸಿಲಿನಲ್ಲಿ ನಿಲ್ಲಿಸಿ ಫೋಟೋ ಹೊಡೆಸುವಾಗ ಇದೆ. ಕಂಪನಿಯವರು ಒಂದು ಬ್ಯಾಗು ಕೊಟ್ಟು ಬ್ಯಾನರಿನ ಕೆಳಗೆ ನಿಲ್ಲಿಸುವಾಗಲೂ ಇದೆ.

ಚರ್ಚಿನೊಳಗೆ ಹೋದ ನಮ್ಮವರಿಗಾದರೂ ಪೂರ್ತಿ ಬಿಡುಗಡೆ ಸಿಕ್ಕಿತೇ? ತಿರುಚಿನಾಪಳ್ಳಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡಲು ಗೋಡೆ ಎಬ್ಬಿಸಿದ್ದರು. ಸತ್ತ ಮೇಲೂ ಊರು ಬೇರೆ, ಕೇರಿ ಬೇರೆ! ಮತಾಂತರಗೊಂಡ ಅಸ್ಪೃಶ್ಯರ ಸ್ಥಿತಿ ಏನೂ ಬದಲಾಗಿಲ್ಲ, ಅವರ ಪರವಾಗಿ ಸುಶಿಕ್ಷಿತ ಕ್ರೈಸ್ತರು ಹೋರಾಡಲಿಲ್ಲ ಅಂತ ಬಾಬಾಸಾಹೇಬರೇ ಬರೆದು ಇಟ್ಟಿದ್ದಾರೆ. ಇತ್ತ ಸರ್ಕಾರವೂ ಬಿಡಲಿಲ್ಲ. 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಹಿಂದೂಗಳಿಗೆ ಮಾತ್ರ ಆ ಪಟ್ಟಿ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಸೇರಿಸಬಹುದು ಅಂತ 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಹೇಳಿದರೂ ಆಗಲಿಲ್ಲ. ಹೀಗಾಗಿ ನಮ್ಮ ಎಷ್ಟೋ ಹುಡುಗರಿಗೆ ಎರಡು ಹೆಸರು. ತಹಸೀಲ್ದಾರರ ಕಚೇರಿಯಲ್ಲಿ ಒಂದು, ಭಾನುವಾರಕ್ಕೆ ಒಂದು. ಕಾಗದದಲ್ಲಿ ಒಂದು ದೇವರು, ಮನಸ್ಸಿನಲ್ಲಿ ಇನ್ನೊಂದು. ಸುಳ್ಳು ಹೇಳೋದನ್ನು ಹುಟ್ಟಿದಾಗಿಂದ ಕಲಿಸಿದ್ದು ಯಾರು? ಮಿಷನ್ನೂ ಸರ್ಕಾರವೂ ಸೇರಿ.

ದಾರ ಕಡಿದಾಗ

ಈಗ ಮುಖ್ಯ ಮಾತಿಗೆ ಬರೋಣ.

"ಹೊಟ್ಟೆ ತುಂಬಿದ ಮೇಲೆ ಎಲ್ರೂ ಮಾತಾಡ್ತಾರೆ ಕಣ್ರಪ್ಪಾ. ಆ ಅನ್ನ ಉಣ್ಣದಿದ್ರೆ ನೀವು ಈ ಪತ್ರಿಕೆ ಬರೆಯೋ ಹಾಗೆ ಇರ್ತಿದ್ರಾ?" ಅಂತ ನಮ್ಮವ್ವಂದಿರೇ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಮುಚ್ಚಿಡೋದಿಲ್ಲ. ಆ ಅನ್ನದಿಂದ ಉಪಯೋಗವಾಗಿದೆ. ಕಂಪ್ಯಾಶನ್ ಸಂಸ್ಥೆಯ ನೆರವು ಪಡೆದ ಮಕ್ಕಳು ದೊಡ್ಡವರಾದ ಮೇಲೆ ಏನಾದರು ಅಂತ ಭಾರತವೂ ಸೇರಿ ಆರು ದೇಶಗಳಲ್ಲಿ ಅರ್ಥಶಾಸ್ತ್ರಜ್ಞರು ವಿಚಾರಿಸಿದರು. 10 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ತೆಗೆದು 2013ರಲ್ಲಿ ಪ್ರಕಟಿಸಿದರು. ನೆರವು ಸಿಕ್ಕಿದ ಮಕ್ಕಳು ಉಳಿದವರಿಗಿಂತ ಒಂದರಿಂದ ಒಂದೂವರೆ ವರ್ಷದಷ್ಟು ಹೆಚ್ಚು ಓದಿದ್ದರು. ಇದು ಸಣ್ಣ ವಿಷಯವಲ್ಲ. ಉಂಡವರು ನಾಚಿಕೆ ಪಡಬೇಕಿಲ್ಲ. ಹಸಿದ ಮಗುವಿಗೆ ತಾಯಿ ಯಾರ ಕೈಯಿಂದ ಅನ್ನ ತಂದರೂ ಅದು ತಾಯಿಯ ಅನ್ನವೇ.

ಆದರೆ ಆಮೇಲೆ ಏನಾಯಿತು, ನೋಡಿ. ಕಂಪ್ಯಾಶನ್ ಸಂಸ್ಥೆ 1968ರಿಂದ ಭಾರತದಲ್ಲಿತ್ತು. ಇಲ್ಲಿ ಸುಮಾರು 1 ಲಕ್ಷ 45 ಸಾವಿರ ಮಕ್ಕಳು ಅದರ ಪಟ್ಟಿಯಲ್ಲಿದ್ದರು. ಮಗುವೊಂದಕ್ಕೆ ಸ್ಪಾನ್ಸರ್ ಕೊಡುತ್ತಿದ್ದದ್ದು ತಿಂಗಳಿಗೆ 38 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು ಎರಡೂವರೆ ಸಾವಿರ ರೂಪಾಯಿ. 2016ರಲ್ಲಿ ದೆಹಲಿಯ ಗೃಹ ಮಂತ್ರಾಲಯ, ಅನುಮತಿ ಇಲ್ಲದೆ ಈ ಹಣ ಒಳಗೆ ಬರಬಾರದು ಅಂತ ತಡೆಯಿತು. ಆ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯಲ್ಲಿ ಚರ್ಚೆಯಾಯಿತು. ಮಂತ್ರಿಗಳು ಮಾತಾಡಿದರು, ವಕೀಲರು ಓಡಾಡಿದರು. 2017ರ ಮಾರ್ಚ್ 15ಕ್ಕೆ ಸಂಸ್ಥೆ ಬಾಗಿಲು ಹಾಕಿಕೊಂಡು ಹೊರಟಿತು. ಮಾರ್ಚ್ ಅಂದರೆ ಪರೀಕ್ಷೆ ತಿಂಗಳು, ಗೆಳೆಯರೆ! 1 ಲಕ್ಷ 45 ಸಾವಿರ ಮಕ್ಕಳಲ್ಲಿ ಒಬ್ಬರನ್ನಾದರೂ ಯಾರಾದರೂ ಕೇಳಿದರೇ? ನಮ್ಮ ಭವಿಷ್ಯ ದಾನಿಯ ಔದಾರ್ಯಕ್ಕೂ ದೆಹಲಿಯ ಒಂದು ಕಡತಕ್ಕೂ ನಡುವೆ ಕಟ್ಟಿದ ದಾರದ ಮೇಲೆ ನೇತಾಡುತ್ತಿತ್ತು. ಅವರು ಕೊಟ್ಟರು, ಇವರು ಕಡಿದರು. ಎರಡಕ್ಕೂ ನಮ್ಮನ್ನು ಕೇಳಲಿಲ್ಲ.

ಹಾಗೆ ಕಡಿದ ಕತ್ತರಿ ಯಾವುದು? ವಿದೇಶಿ ದೇಣಿಗೆ ಕಾಯ್ದೆ. 1976ರಲ್ಲಿ, ತುರ್ತುಪರಿಸ್ಥಿತಿಯಲ್ಲಿ ಹುಟ್ಟಿದ್ದು. 2010ರಲ್ಲಿ ಹೊಸದಾಗಿ ಬರೆದರು, 2020ರಲ್ಲಿ ಇನ್ನೂ ಬಿಗಿ ಮಾಡಿದರು. ಹಣವೆಲ್ಲ ದೆಹಲಿಯ ಒಂದೇ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕು, ಒಂದು ಸಂಸ್ಥೆ ಇನ್ನೊಂದಕ್ಕೆ ಕೊಡುವಂತಿಲ್ಲ. 2024ರ ಜನವರಿಯಲ್ಲಿ ವರ್ಲ್ಡ್ ವಿಷನ್ನಿನ ನೋಂದಣಿಯೂ ರದ್ದಾಯಿತು. ಕತ್ತರಿ ಹಿಡಿದವರು ಕಡಿದ ಜಾಗದಲ್ಲಿ ಒಂದು ಹಾಸ್ಟೆಲ್ ಕಟ್ಟಿದರೇ? ಒಂದು ತಟ್ಟೆ ಅನ್ನ ಇಟ್ಟರೇ? ವಿದೇಶಿ ಅನ್ನ ಬೇಡ ಅನ್ನೋ ಅಧಿಕಾರ, ಸ್ವದೇಶಿ ಅನ್ನ ಕೊಟ್ಟವನಿಗೆ ಮಾತ್ರ ಇದೆ.

ಇಲ್ಲಿ ನಾವು ಕಲಿಯಬೇಕಾದ ಪಾಠ ಒಂದೇ. ಸರ್ಕಾರಿ ಹಾಸ್ಟೆಲಿನ ಅನ್ನದಲ್ಲಿ ಹುಳ ಬಂದರೆ ನಾವು ತಟ್ಟೆ ಹಿಡಿದು ಡಿಸಿ ಕಚೇರಿ ಮುಂದೆ ಕೂರುತ್ತೇವೆ. ತಟ್ಟೆ ಬಡಿಯುತ್ತೇವೆ. ವಾರ್ಡನ್ ಬದಲಾಗುತ್ತಾರೆ, ಅಕ್ಕಿ ಬದಲಾಗುತ್ತೆ. ಸ್ಪಾನ್ಸರ್ ಅನ್ನ ನಿಂತುಹೋದರೆ ಯಾವ ಗೇಟಿನ ಮುಂದೆ ಕೂರೋಣ? ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಭದ್ರಾವತಿಯಿಂದ ಯಾವ ಬಸ್ಸು ಹೋಗುತ್ತೆ? ಕೊಟ್ಟಾಗ ವಂದನೆ ಹೇಳಬೇಕು, ನಿಲ್ಲಿಸಿದಾಗ ಪ್ರಾರ್ಥನೆ ಮಾಡಬೇಕು. ಅದು ಋಣದ ಅನ್ನ. ಹುಳ ಬಂದಾಗ ಬಡಿಯಲು ತಟ್ಟೆ ಕೊಡುವುದು ಹಕ್ಕಿನ ಅನ್ನ. ಹುಳು ಇದ್ದರೂ ಅದೇ ನಮ್ಮದು, ಯಾಕೆಂದರೆ ಅದರ ಮೇಲೆ ಸಿಟ್ಟಾಗಲು ನಮಗೆ ಬರುತ್ತೆ.

ಬಾಬಾಸಾಹೇಬರು ಮಾಡಿದ್ದೇನು?

ಬಾಬಾಸಾಹೇಬರೂ ಬರೋಡದ ಸಯಾಜಿರಾವ್ ಗಾಯಕವಾಡರ ಹಣದಲ್ಲೇ ಅಮೆರಿಕಕ್ಕೆ ಹೋಗಿ ಓದಿದ್ದಲ್ಲವೇ ಅಂತ ಕೆಲವರು ವಾದ ಮಾಡುತ್ತಾರೆ. ಹೌದು. 1913ರಲ್ಲಿ, ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಪ್ರತಿಯಾಗಿ ಬರೋಡ ಸಂಸ್ಥಾನದಲ್ಲಿ ಹತ್ತು ವರ್ಷ ಕೆಲಸ ಮಾಡಬೇಕು ಅನ್ನೋ ಕರಾರಿಗೆ ಸಹಿ ಹಾಕಿದ್ದರು. ಅದು ಸಂಸ್ಥಾನದ ವಿದ್ಯಾರ್ಥಿವೇತನ. 1917ರಲ್ಲಿ ಕರಾರಿನ ಪ್ರಕಾರ ಬರೋಡಕ್ಕೆ ಕೆಲಸಕ್ಕೆ ಹೋದರು. ಜವಾನರು ದೂರದಿಂದ ಫೈಲು ಎಸೆದರು, ತಂಗಿದ್ದ ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದು ಹೊರಹಾಕಿದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರಿಗೇ ಈ ಗತಿ! ಒಬ್ಬ ದೊಡ್ಡ ಮನಸ್ಸಿನ ರಾಜ ಓದಿಸಬಲ್ಲ, ತಲೆ ಎತ್ತಿ ಬದುಕೋದನ್ನು ಕೊಡಿಸಲಾರ ಅಂತ ಅವರಿಗೆ ಅಲ್ಲೇ ಗೊತ್ತಾಯಿತು.

ಆಮೇಲೆ ಅವರು ಮಾಡಿದ್ದು ನೋಡಿ. ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ಪರಿಶಿಷ್ಟ ವಿದ್ಯಾರ್ಥಿಗಳ ಉನ್ನತ ಓದಿಗೆ ಸರ್ಕಾರದ ಹಣ ಇಡಿ ಅಂತ ಪಟ್ಟು ಹಿಡಿದರು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ಇವತ್ತು ನಾವು ಸಹ್ಯಾದ್ರಿ ಕಾಲೇಜಿನಲ್ಲಿ, ಭದ್ರಾವತಿಯ ಸರ್ ಎಂ.ವಿ. ಕಾಲೇಜಿನಲ್ಲಿ ತೆಗೆದುಕೊಳ್ಳೋ ಸ್ಕಾಲರ್‌ಶಿಪ್ಪಿನ ಬೇರು ಅಲ್ಲಿದೆ. ತನಗೊಬ್ಬ ಮಹಾರಾಜ ಸಿಕ್ಕಿದ, ನಿಮಗೂ ಒಬ್ಬ ಸಿಗಲಿ ಅಂತ ಅವರು ಹರಸಲಿಲ್ಲ. ಮಹಾರಾಜನ ಬಾಗಿಲಿಗೆ ಹೋಗೋ ಕೆಲಸವೇ ಬೇಡ ಅಂತ ಸರ್ಕಾರದ ಬೊಕ್ಕಸದಲ್ಲಿ ನಮ್ಮ ಹೆಸರು ಬರೆಸಿದರು.

ಈ ಮಾತನ್ನು ಭದ್ರಾವತಿಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಪ್ರೊ. ಬಿ. ಕೃಷ್ಣಪ್ಪನವರು ಕನ್ನಡ ಪಾಠ ಹೇಳುತ್ತಾ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು ಈ ಊರಿನಲ್ಲಿ. ಹೆಂಡ ಬೇಡ, ವಸತಿ ಶಾಲೆ ಬೇಕು ಅನ್ನೋ ಕೂಗು ಎದ್ದದ್ದು ಆ ಚಳವಳಿಯಿಂದ. ಕೂಗು ಎದ್ದಾಗ ನಕ್ಕವರಿದ್ದರು. ಇವತ್ತು ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ ಅಂತ ಊರೂರಲ್ಲಿ ನಿಂತಿವೆ. ಅದು ಯಾವ ದಾನಿಯ ಕರುಣೆಯೂ ಅಲ್ಲ. ಬೀದಿಯಲ್ಲಿ ಲಾಠಿ ತಿಂದವರ ಬೆನ್ನಿನ ಬೆಲೆ.

ಆದರೆ ಇವತ್ತಿನ ಸ್ಥಿತಿ? ಪೇಪರ್ ಮಿಲ್ಲು 2015ರ ಹೊತ್ತಿಗೆ ನಿಂತಿತು. ಕಬ್ಬಿಣದ ಕಾರ್ಖಾನೆ 1923ರಿಂದ ಹೊಗೆ ಬಿಟ್ಟದ್ದು, ಅದನ್ನು ಮುಚ್ಚುತ್ತೇವೆ ಅಂತ 2023ರ ಜನವರಿಯಲ್ಲಿ ಹೇಳಿದರು. ಗುತ್ತಿಗೆ ಕೂಲಿಗಳು ಗೇಟಿನ ಮುಂದೆ ದಿನಗಟ್ಟಲೆ ಕೂತರು. ಅಪ್ಪನ ಕೂಲಿ ಹೋದ ಮನೆಗೇ ಫೋಟೋ ತೆಗೆಯೋರು ಬರೋದು. ಇತ್ತ ನಮ್ಮದೇ ಹೆಸರಿನ ಹಣ ಎಲ್ಲಿ ಹೋಗುತ್ತಿದೆ? 2013ರಲ್ಲಿ ವಿಶೇಷ ಘಟಕ ಯೋಜನೆಗೆ ಕಾಯ್ದೆ ಬಂತು. ಹಣ ಬೇರೆಡೆಗೆ ಹರಿಸಲು ಬಿಟ್ಟಿದ್ದ 7ಡಿ ಕಲಮನ್ನು ಹೋರಾಟದ ಒತ್ತಾಯಕ್ಕೆ 2023ರಲ್ಲಿ ತೆಗೆದರು. ಅದೇ ವರ್ಷದ ಬಜೆಟ್ಟಿನಲ್ಲಿ 34 ಸಾವಿರ ಕೋಟಿಯಲ್ಲಿ 11 ಸಾವಿರ ಕೋಟಿಯನ್ನು ಗ್ಯಾರಂಟಿಗಳಿಗೆ ಎತ್ತಿಟ್ಟರು. ಎಲ್ಲರಿಗೂ ಕೊಡೋ ಗ್ಯಾರಂಟಿಯನ್ನು ನಮ್ಮ ಮಕ್ಕಳ ಹಾಸ್ಟೆಲಿನ ಗಂಟಿನಿಂದ ಯಾಕೆ ಕೊಡಬೇಕು? ಇದನ್ನು ಕೇಳಬೇಕಾದ ನಾವು ಏನು ಮಾಡುತ್ತಿದ್ದೇವೆ? ಬಣ ಬಣವಾಗಿ ಒಡೆದು, ಒಬ್ಬರ ಬ್ಯಾನರನ್ನು ಒಬ್ಬರು ಹರಿಯುತ್ತಿದ್ದೇವೆ. ನಾವು ಬಿಟ್ಟ ಜಾಗಕ್ಕೇ ದಾನಿಗಳು ಬರೋದು. ನಮ್ಮ ತಪ್ಪನ್ನೂ ಬರೆಯದಿದ್ದರೆ ಈ ಹಾಳೆ ಇನ್ನೊಂದು ಥ್ಯಾಂಕ್ಯೂ ಕಾಗದವಾದೀತು.

ನಾವು ಕೇಳೋದು

ಒಂದು: ಅರ್ಜಿ ಹಾಕಿದ ಯಾವ ದಲಿತ ವಿದ್ಯಾರ್ಥಿಗೂ ಹಾಸ್ಟೆಲಿನಲ್ಲಿ ಸೀಟಿಲ್ಲ ಅನ್ನಬಾರದು. ವಿದೇಶಿ ಹಣ ನಿಲ್ಲಿಸಿದ ಕಡೆಯೆಲ್ಲ ಆ ಮಕ್ಕಳ ಓದಿನ ಹೊಣೆ ಸರ್ಕಾರದ್ದು.

ಎರಡು: ಪರಿಶಿಷ್ಟರ ಉಪಯೋಜನೆ ಹಣ ಒಂದು ಕಾಸೂ ಬೇರೆಡೆ ಹೋಗಬಾರದು. ಪ್ರತಿ ಹಾಸ್ಟೆಲಿನ ಊಟದ ಖರ್ಚಿನ ಲೆಕ್ಕ ಪ್ರತಿ ತಿಂಗಳು ಗೋಡೆಗೆ ಅಂಟಿಸಬೇಕು.

ಮೂರು: ಮಿಷನ್ ಇರಲಿ, ಮಠ ಇರಲಿ, ಕಂಪನಿ ಇರಲಿ, ಎಮ್ಮೆಲ್ಲೆ ಇರಲಿ, ನೆರವಿಗೆ ಪ್ರತಿಯಾಗಿ ಮಗುವಿನ ಫೋಟೋ, ಕಾಗದ, ಕಣ್ಣೀರು, ನಮಸ್ಕಾರ ಕೇಳಬಾರದು. ಕೊಡೋರು ಶಾಲೆಗೆ ಕೊಡಲಿ, ಊರಿಗೆ ಕೊಡಲಿ, ಮುಖ ನೋಡಿ ಕೊಡೋದು ಬೇಡ.

ನಾಲ್ಕು: 1950ರ ಆದೇಶದ ಧರ್ಮದ ಕಲಮು ಹೋಗಬೇಕು. ದಲಿತ ಯಾವ ದೇವರ ಮುಂದೆ ನಿಂತರೂ ಅವನ ಮೇಲಿನ ಅಸ್ಪೃಶ್ಯತೆ ನಿಂತಿಲ್ಲ.

ಐದು: ಇದು ನಮಗೇ ಹೇಳಿಕೊಳ್ಳುವ ಮಾತು. ಮಿಷನ್ ಹಾಸ್ಟೆಲಿನಲ್ಲಿರೋ ತಮ್ಮ ತಂಗಿಯರನ್ನು ಯಾರೂ ಹೀಯಾಳಿಸಬಾರದು. 'ಹಾಲಿನ ಪುಡಿ ಕ್ರಿಶ್ಚಿಯನ್' ಅಂತ ಆಡಿಕೊಳ್ಳೋ ಬಾಯಿಗೆ ನಮ್ಮ ಸಭೆಯಲ್ಲಿ ಜಾಗವಿಲ್ಲ. ಅವರನ್ನು ಭಾನುವಾರ ಸಂಜೆ ನಮ್ಮ ಓದುಕೂಟಕ್ಕೆ ಕರೆತನ್ನಿ. ಅವರಿಗೆ ಒಂದು ಹಾಳೆ, ಒಂದು ಪೆನ್ನು ಕೊಡಿ. ಬೋರ್ಡಿನ ಮೇಲೆ ಏನೂ ಬರೆಯಬೇಡಿ.

ಗೆಳೆಯರೆ, ನಿಮ್ಮ ಕೈಲಿರೋ ಈ ಹಾಳೆಗೆ ಯಾವ ಸ್ಪಾನ್ಸರೂ ಇಲ್ಲ. ಸಭೆಯಲ್ಲಿ ಟವೆಲ್ ಹಿಡಿದು ಎತ್ತಿದ ಚಿಲ್ಲರೆಯಿಂದ ಸ್ಟೆನ್ಸಿಲ್ ಬಂತು, ಇಂಕು ಬಂತು. ಅಕ್ಷರ ಅಲ್ಲಲ್ಲಿ ಮಸಿಯಾಗಿದೆ, ಕ್ಷಮಿಸಿ. ಆದರೆ ಇದರಲ್ಲಿ ಏನು ಬರೆಯಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ. ಅಂದು ಹರಿದುಹೋದ ಆ ಕಾಗದವನ್ನು ಇಂದು ಮತ್ತೆ ಬರೆಯುತ್ತಿದ್ದೇವೆ, ವಿಳಾಸ ಮಾತ್ರ ಬದಲಾಗಿದೆ. ದಾನಿಗಳಿಗಲ್ಲ, ನಿಮಗೆ:

ನಾವು ಚೆನ್ನಾಗಿಲ್ಲ. ನಮ್ಮಪ್ಪ ಕಾರ್ಖಾನೆ ಗೇಟಿನಲ್ಲಿ ಸವೆದು ಸತ್ತ. ಅವ್ವ ಒಬ್ಬಳೇ ಇದ್ದಾಳೆ. ನಮಗೆ ಕರುಣೆ ಬೇಡ. ಬರೋ ಸೋಮವಾರ ಡಿಸಿ ಕಚೇರಿ ಮುಂದೆ ತಟ್ಟೆ ತಗೊಂಡು ಬನ್ನಿ.

ಜೈಭೀಮ್.